ಟಿಕೇಟು ತೆಗೆದುಕೊಂಡು ನೋಡಿದ ಎಮ್ಮೆ

ಹೊಸೂರಿನಿಂದ ಹೊರಟದ್ದು

ನಮ್ಮ ಯಜಮಾನರು ಸೈಕಲ್ಲಿನಿಂದ ಬಿದ್ದು ಕಾಲು ಮುರಿದುಕೊಳ್ಳದೆ ಇದ್ದಿದ್ದರೆ ನಾನಾಗಲೀ ನಮ್ಮತ್ತೆಯಾಗಲೀ ಈ ಜನ್ಮದಲ್ಲಿ ಜರ್ಮನಿ ನೋಡುತ್ತಿರಲಿಲ್ಲ. ಎಂಬತ್ತರ ದಶಕದ ಮಾತು. ಹೊಸೂರಿನ ಸುತ್ತ ಆಗ ಒಂದರ ಬೆನ್ನಿಗೊಂದು ಕಾರ್ಖಾನೆಗಳು ಏಳುತ್ತಿದ್ದವು. ನಮ್ಮ ಯಜಮಾನರು ನಾಗರಾಜ ಅಂಥದೊಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಹೊಸ ಯಂತ್ರಗಳ ಕೆಲಸ ಕಲಿತು ಬರಲಿ ಎಂದು ಅವರನ್ನು ಪಶ್ಚಿಮ ಜರ್ಮನಿಯ ಒಂದು ಸಣ್ಣ ಊರಿಗೆ ಕಳಿಸಿದ್ದರು. ಅಲ್ಲಿ ಮಳೆಗೆ ನೆಂದ ಎಲೆಗಳ ಮೇಲೆ ಸೈಕಲ್ಲು ಜಾರಿತು. ಕಾಲಿಗೆ ಪ್ಲಾಸ್ಟರ್ ಬಿತ್ತು. ಮನೆಯವರು ಇಬ್ಬರು ಬಂದು ನೋಡಿಕೊಳ್ಳಬಹುದು ಎಂದು ಅಲ್ಲಿನವರೇ ಏರ್ಪಾಟು ಮಾಡಿದರು.

ಒಬ್ಬಳು ನಾನು, ಸರೋಜ. ಹೊಸೂರಿನ ಕನ್ನಡ ಶಾಲೆಯಲ್ಲಿ ಟೀಚರು. ಇನ್ನೊಬ್ಬರು ಯಾರು ಎಂಬ ಚರ್ಚೆ ಶುರುವಾಗುವ ಮೊದಲೇ ಮುಗಿದುಹೋಯಿತು. ಸಾನಮಾವು ಕಾಡಿನ ಅಂಚಿನ ಹಳ್ಳಿಯಿಂದ ನಮ್ಮತ್ತೆ ಪಾಪಮ್ಮ ಬೆಳಗಿನ ಮೊದಲ ಬಸ್ಸಿಗೇ ಬಂದಿಳಿದಿದ್ದರು. ಕಂಕುಳಲ್ಲಿ ರಾಗಿ ಹಿಟ್ಟಿನ ಗಂಟು.

"ನಾನೂ ಬತ್ತೀನಿ. ನನ್ ಮಗನ ಕಾಲ ಕಣ್ಣಾರ ನೋಡಗಂಟ ನಂಗೆ ಮುದ್ದೆ ಇಳೀಯಲ್ಲ" ಎಂದರು.

ಅತ್ತೆ ಆವರೆಗೆ ಕಂಡಿದ್ದ ಪ್ರಪಂಚಕ್ಕೆ ಈ ಕಡೆ ಬೆಂಗಳೂರು, ಆ ಕಡೆ ಕೃಷ್ಣಗಿರಿ ಎಲ್ಲೆ. ದೊಡ್ಡ ಮಗನ ಸಂಸಾರದ ಜೊತೆ ಹೊಲ, ಎಮ್ಮೆ ಎಂದುಕೊಂಡು ಇದ್ದವರು. ನನಗೂ ಅವರಿಗೂ ಹಬ್ಬ ಹುಣ್ಣಿಮೆಗಷ್ಟೇ ಭೇಟಿ. ಬೇರೆಯವರ ಮುಂದೆ ನನ್ನನ್ನು ಅವರು "ನಮ್ಮ ಪುಸ್ತಕದ ಸೊಸೆ" ಎನ್ನುತ್ತಿದ್ದರು. ಅದಕ್ಕೊಂದು ಕಾರಣವಿತ್ತು. ಮದುವೆಯಾದ ವರ್ಷದ ಸಂಕ್ರಾಂತಿಗೆ ಕೊಟ್ಟಿಗೆಯಲ್ಲಿ ಒಂದು ಎಮ್ಮೆ ಸುಮ್ಮನೆ ನನ್ನ ಕಡೆ ತಿರುಗಿ ನೋಡಿತು ಎನ್ನುವಷ್ಟಕ್ಕೇ ನಾನು ಒರಳುಕಲ್ಲಿನ ಮೇಲೆ ಹತ್ತಿ ನಿಂತಿದ್ದೆ. ಇಡೀ ಹಳ್ಳಿ ನಕ್ಕಿತ್ತು. ಇಂಥ ಇಬ್ಬರು ಹೆಂಗಸರು ಒಟ್ಟಿಗೆ ವಿಮಾನ ಹತ್ತಿದೆವು.

ಮೂರನೇ ಮಹಡಿ

ಯಜಮಾನರು ಚೆನ್ನಾಗಿಯೇ ಇದ್ದರು. ಊರುಗೋಲು ಹಿಡಿದು ಮನೆಯೆಲ್ಲ ಓಡಾಡುತ್ತಿದ್ದರು. ತಮ್ಮ ಚಹಾ ತಾವೇ ಮಾಡಿಕೊಳ್ಳುತ್ತಿದ್ದರು. ಅಂಗಡಿಯವರ ಜೊತೆ ಜರ್ಮನ್ ಭಾಷೆಯಲ್ಲಿ ನಗೆಚಾಟಿಕೆಯನ್ನೂ ಮಾಡುತ್ತಿದ್ದರು. ಮಗನನ್ನು ಕಾಪಾಡಲೆಂದು ಏಳು ಸಮುದ್ರ ದಾಟಿ ಬಂದ ತಾಯಿಗೆ ಇದಕ್ಕಿಂತ ನಿರಾಶೆ ಬೇಕೇ?

ಮೊದಲ ವಾರ ಕಳೆಯುವಷ್ಟರಲ್ಲಿ ಅತ್ತೆ ಮಂಕಾಗಿಬಿಟ್ಟರು. ಕಿಟಕಿಯ ಹತ್ತಿರ ಕುಳಿತು ರಸ್ತೆ ನೋಡುವುದು, ಏಳುವುದು, ಮತ್ತೆ ಬಂದು ಕೂರುವುದು. ರಸ್ತೆಯಲ್ಲಿಯಾದರೂ ಏನಿತ್ತು? ಒಂದು ವಾಹನವೂ ಇಲ್ಲದ ಕಡೆ ಜನ ಕೆಂಪು ದೀಪ ನೋಡುತ್ತ ನಿಂತಿರುತ್ತಿದ್ದರು. ಹಸಿರು ಬಂದ ಮೇಲೆ ದಾಟುತ್ತಿದ್ದರು. ಹೊಸೂರಿನ ಬಸ್ ಸ್ಟ್ಯಾಂಡಿನಲ್ಲಿ ಚಲಿಸುವ ಬಸ್ಸಿಗೆ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ನಮಗೆ ಅದನ್ನು ನೋಡುವುದೇ ಒಂದು ಸಂಕಟ.

"ಯಾಕ್ಲಾ ನಾಗ, ಇವ್ರು ಯಾರ್ನಾ ಕಾಯ್ತಾ ಅವ್ರೆ?" ಎಂದು ಅತ್ತೆ ಕೇಳಿದರು.

"ದೀಪಾನ ಕಣಮ್ಮೋ."

"ದೀಪ ಬಂದು ಇವ್ರ ಕೈ ಹಿಡ್ಕಂಡು ದಾಟಿಸ್ತದಾ?"

ಒಂದು ಮಾತಿಗೆ ಅತ್ತೆ ನಕ್ಕರು ಎಂದು ನಾವು ಸಮಾಧಾನಪಟ್ಟುಕೊಳ್ಳುವಷ್ಟರಲ್ಲಿ ಮತ್ತೆ ಕಿಟಕಿಯ ಕಡೆ ತಿರುಗಿದರು. ಊಟ ಕಡಿಮೆಯಾಯಿತು. ಮುದ್ದೆಯನ್ನು ತಟ್ಟೆಯಲ್ಲಿ ಹೊರಳಿಸಿ ಹೊರಳಿಸಿ ಬಿಟ್ಟು ಏಳುತ್ತಿದ್ದರು. "ಇಲ್ಲಿ ನಂಗೆ ಏನ್ ಕೆಲ್ಸ ಐತೆ ಹೇಳು? ಕೈ ಕಟ್ಕಂಡು ಕೂತ್ರೆ ಕೈಯೇ ಬಿದ್ದೋಯ್ತದೆ" ಎಂದರು ಒಂದು ದಿನ. ಅವರ ಕಣ್ಣಲ್ಲಿ ನೀರಿತ್ತು. ನನಗೆ ಭಯವಾಯಿತು. ಹಿಂದಿರುಗುವ ವಿಮಾನಕ್ಕೆ ಇನ್ನೂ ಬಹಳ ದಿನವಿತ್ತು. ಅಲ್ಲಿಯವರೆಗೆ ಇವರನ್ನು ಹೇಗೆ ಉಳಿಸಿಕೊಳ್ಳುವುದು?

ಉಳಿಸಿದ್ದು ಅವರದೇ ಸೀರೆ. ಒಂದು ಭಾನುವಾರ ಬೆಳಿಗ್ಗೆ ಅವರು ಕೆಂಪು ಸೀರೆ ಒಗೆದು, ಪೂರ್ತಿ ಬಿಡಿಸಿ, ಬಾಲ್ಕನಿಯಿಂದ ಕೆಳಕ್ಕೆ ಇಳಿಬಿಟ್ಟರು. ಭಾನುವಾರ ಅಲ್ಲಿ ಯಾರೂ ಬಟ್ಟೆ ಒಣಹಾಕುವುದಿಲ್ಲ ಎಂಬುದು ನಮಗೆ ತಿಳಿಯದು. ಸೀರೆ ಕೆಳಗಿನ ಮಹಡಿಯ ಕಿಟಕಿಯನ್ನೂ ದಾಟಿ ನೇತಾಡುತ್ತಿತ್ತು. ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದ ಸದ್ದು. ಬಾಗಿಲು ತೆಗೆದರೆ ಬಿಳಿ ಕೂದಲಿನ, ಗಟ್ಟಿಮುಟ್ಟಾದ ಹೆಂಗಸೊಬ್ಬರು ನಿಂತಿದ್ದರು. ಜಗಳಕ್ಕೇ ಬಂದಿದ್ದಾರೆ ಎಂದುಕೊಂಡು ನಾನು ಬರುವಷ್ಟು ಇಂಗ್ಲಿಷಿನಲ್ಲಿ ಕ್ಷಮೆ ಕೇಳಲು ಶುರುಮಾಡಿದೆ. ಅವರು ಕೈ ಅಡ್ಡ ಹಿಡಿದು, ಬಿಡಿಸಿ ಬಿಡಿಸಿ ಇಂಗ್ಲಿಷಿನಲ್ಲಿಯೇ ಹೇಳಿದರು.

"ಬೆಳಿಗ್ಗೆ ಎದ್ದು ನೋಡಿದರೆ ನನ್ನ ಅಡುಗೆಮನೆಯೆಲ್ಲ ಕೆಂಪಾಗಿತ್ತು. ಇಷ್ಟು ಚೆನ್ನಾದ ಬೆಳಕು ನಾನು ನೋಡಿಯೇ ಇಲ್ಲ. ಅದು ಯಾರ ಬಟ್ಟೆ?"

ಅವರ ಹೆಸರು ಎಲ್ಸಾ. ಅಂಚೆ ಕಚೇರಿಯ ಕೆಲಸದಿಂದ ನಿವೃತ್ತರಾಗಿದ್ದರು. ಊರಿನ ಮೃಗಾಲಯದಲ್ಲಿ ಸಂಬಳವಿಲ್ಲದೆ ದುಡಿಯುತ್ತಿದ್ದರು. ನಾವು ಇಂಡಿಯಾದವರು ಎಂದು ತಿಳಿದದ್ದೇ ಅವರ ಮುಖ ಅರಳಿತು. "ನಮ್ಮಲ್ಲಿಯೂ ಇಂಡಿಯಾದ್ದೊಂದು ಹೊಸ ಪ್ರಾಣಿ ಬಂದಿದೆ. ಈಗಲೇ ಮೂವರೂ ಬನ್ನಿ" ಎಂದರು.

"ಆನೆ ಇರ್ಬೇಕು" ಎಂದರು ಅತ್ತೆ, ಒಣಗದ ಸೀರೆ ಮಡಚುತ್ತ. "ನಮ್ಮ ರಾಗಿ ಹೊಲಕ್ಕೆ ನುಗ್ಗೋವು ಸಾಲ್ದು ಅಂತ ಇಲ್ಲೂ ಬಂದವಾ?"

ಊರಿನವರ ಮೃಗಾಲಯ

ಮೃಗಾಲಯವೆಂದರೆ ನನ್ನ ತಲೆಯಲ್ಲಿದ್ದದ್ದು ಮೈಸೂರು. ಇದು ಅದರ ಒಂದು ಮೂಲೆಯಷ್ಟೂ ಇರಲಿಲ್ಲ. ಊರ ಹೊರಗಿನ ಗುಡ್ಡದ ಇಳಿಜಾರಿನಲ್ಲಿ ಮರದ ಬೇಲಿ, ಕೊಟ್ಟಿಗೆ, ಒಂದು ಕೊಳ. ಅಷ್ಟೆ. ಸರ್ಕಾರದ್ದಲ್ಲ, ಊರಿನವರೇ ಸಂಘ ಮಾಡಿಕೊಂಡು ನಡೆಸುತ್ತಿದ್ದದ್ದು. ಬೇಕರಿಯವನು ಉಳಿದ ಬ್ರೆಡ್ ತಂದು ಹಾಕುತ್ತಾನೆ. ಬಡಗಿ ಗೂಬೆಗೆ ಮನೆ ಕಟ್ಟಿಕೊಡುತ್ತಾನೆ. ಶಾಲೆಯ ಮಕ್ಕಳು ರಜೆಯಲ್ಲಿ ಬಂದು ಮೇಕೆಗಳ ಮೈ ತಿಕ್ಕುತ್ತಾರೆ. ನಮ್ಮ ಕಡೆ ಊರಿನವರೆಲ್ಲ ಸೇರಿ ಕೆರೆಯ ಹೂಳೆತ್ತುವ ಹಾಗೆ ಇವರು ಪ್ರಾಣಿ ಸಾಕುತ್ತಾರೆ ಎಂದು ನನಗೆ ಅನ್ನಿಸಿತು. ಅಷ್ಟೆಲ್ಲ ದುಡಿಯುವ ಎಲ್ಸಾ ಬಾಗಿಲಲ್ಲಿ ಸಾಲಿನಲ್ಲಿ ನಿಂತು ನಮಗೂ ತಮಗೂ ಟಿಕೇಟು ತೆಗೆದುಕೊಂಡದ್ದು ನೋಡಿ ನನಗೆ ಆಶ್ಚರ್ಯ. ನಮ್ಮಲ್ಲಾದರೆ ಸಂಘದವರ ಅಳಿಯನ ಗೆಳೆಯ ಕೂಡ ಬಿಟ್ಟಿಯಾಗಿ ಒಳಗೆ ಹೋಗುತ್ತಿದ್ದ!

ಮೊದಲು ಸಿಕ್ಕಿದ್ದು ಕಾಡುಹಂದಿಗಳು. ಬೇಲಿಯ ಹತ್ತಿರ ಮಕ್ಕಳೆಲ್ಲ ಮೆಚ್ಚಿ ನೋಡುತ್ತಿದ್ದರೆ ಅತ್ತೆ ಮುಂದೆ ನುಗ್ಗಿ ಬೆರಳು ತೋರಿಸಿದರು.

"ಲೇ ಕಳ್ಳ ಬಡ್ಡೆತ್ತದೇ! ನಮ್ ಕಳ್ಳೇಕಾಯೆಲ್ಲ ಬಗೆದು ತಿಂದು ಇಲ್ಲಿ ಬಂದು ಬಚ್ಚಿಟ್ಕಂಡಿದ್ದೀಯಾ?"

ಹಂದಿ ಕಿವಿ ಅಲ್ಲಾಡಿಸಿತು. ಮಕ್ಕಳು ಹಂದಿಯನ್ನು ಬಿಟ್ಟು ಅತ್ತೆಯನ್ನು ನೋಡತೊಡಗಿದರು.

ಗುಡ್ಡದ ಮೇಲುಗಡೆ ದೊಡ್ಡ ಗುಂಪು ಸೇರಿತ್ತು. ಹೊಸ ಬೇಲಿ, ಹೊಸ ಕೊಟ್ಟಿಗೆ. ಏಷ್ಯಾದ ಭೂಪಟ ಬರೆದು ಇಂಡಿಯಾಕ್ಕೆ ಕೆಂಪು ಬಳಿದ ಹೊಸ ಹಲಗೆ. ಅಪ್ಪಂದಿರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸುತ್ತಿದ್ದರು. ಎಲ್ಸಾ ಹೆಮ್ಮೆಯಿಂದ ದಾರಿ ಬಿಡಿಸಿದರು. ನಾವು ಬೇಲಿಯ ಹತ್ತಿರ ಹೋಗಿ ನೋಡಿದೆವು.

ಎಮ್ಮೆ.

ಕಪ್ಪು ಮೈಯ, ಬಾಗಿದ ಕೊಂಬಿನ, ದವಡೆ ಅಲ್ಲಾಡಿಸುತ್ತ ನಿಂತ, ಅಪ್ಪಟ ಎಮ್ಮೆ.

ಅತ್ತೆ ಎಮ್ಮೆಯನ್ನು ನೋಡಿದರು. ಗುಂಪನ್ನು ನೋಡಿದರು. ಕೈಯಲ್ಲಿದ್ದ ಟಿಕೇಟನ್ನು ನೋಡಿದರು. "ಇದ್ನ ನೋಡಾಕೆ ಟಿಕೇಟಾ!" ಎಂದವರೇ ನಗತೊಡಗಿದರು. ಊರು ಬಿಟ್ಟ ಮೇಲೆ ಅವರು ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಅದೇ ಮೊದಲು. ಊರುಗೋಲಿನ ಮೇಲೆ ನಿಂತಿದ್ದ ಯಜಮಾನರೂ ನಕ್ಕು ನಕ್ಕು ಬೀಳುವುದರಲ್ಲಿದ್ದರು.

ಎಮ್ಮೆಯ ಹೆಸರು ರೋಜಾ ಎಂದು ಎಲ್ಸಾ ಹೇಳಿದಾಗ ಅತ್ತೆ ಮತ್ತೊಮ್ಮೆ ನಕ್ಕರು. "ಎಮ್ಮೆಗೆ ರೋಜಾ! ನನ್ ಮೂರ್ ಎಮ್ಮೆಗೂ ಒಂದೂ ಹೆಸ್ರಿಲ್ಲ ಕಣೇ, ಏಯ್ ಅಂದ್ರೆ ಮೂರೂ ಬತ್ತವೆ" ಎಂದು, ನಾಲಿಗೆಯಲ್ಲಿ ಟಕಟಕ ಸದ್ದು ಮಾಡಿ ಕರೆದರು. "ಬಾ ತಾಯಿ, ಬಾ." ರೋಜಾ ತಿರುಗಲಿಲ್ಲ. ತೆಲುಗಿನಲ್ಲಿ "ರಾವಮ್ಮಾ" ಎಂದರು. ಇಲ್ಲ. ತಮಿಳಿನಲ್ಲಿ "ವಾಮ್ಮಾ" ಎಂದರು. ಅದಕ್ಕೂ ಇಲ್ಲ. ನಮ್ಮೂರಿನ ಮೂರು ಭಾಷೆಗಳೂ ಖರ್ಚಾದವು. ಆಗ ಎಲ್ಸಾ ತಗಡಿನ ಬಕೆಟ್ಟನ್ನು ಒಮ್ಮೆ ಅಲ್ಲಾಡಿಸಿದರು. ರೋಜಾ ದಡಬಡನೆ ಓಡಿ ಬಂತು.

"ಹೊಟ್ಟೆ ಬಾಸೆ ಎಲ್ಲಾ ಕಡೇನೂ ಒಂದೇ" ಎಂದರು ಅತ್ತೆ.

ರೋಜಾ ಇಂಡಿಯಾದ್ದಲ್ಲ, ಇಟಲಿಯಲ್ಲಿ ಹುಟ್ಟಿದ್ದು, ಬೇಸಿಗೆಯಲ್ಲಷ್ಟೇ ಇಲ್ಲಿಗೆ ಬಂದದ್ದು ಎಂದು ಆಮೇಲೆ ತಿಳಿಯಿತು. ಇಂಡಿಯಾ ಅದರ ಅಜ್ಜಿಯ ಅಜ್ಜಿಯ ಊರಿದ್ದೀತು. ಅತ್ತೆಯ ಪ್ರೀತಿಗೆ ಅದರಿಂದ ಕುಂದೇನೂ ಬರಲಿಲ್ಲ. ಬೇಲಿಯ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತರು. "ಇದ್ಕೂ ಊರು ಹೊಸ್ದು, ನಂಗೂ ಹೊಸ್ದು" ಎಂದರು. ಆಮೇಲೆ ಎಮ್ಮೆಯ ಸೊಂಟ, ಕೆಚ್ಚಲು ಎಲ್ಲವನ್ನೂ ಸೊಸೆ ನೋಡಲು ಬಂದ ಬೀಗಿತ್ತಿಯ ಹಾಗೆ ಪರೀಕ್ಷಿಸಿ, "ಗಬ್ಬ ಐತೆ. ಹೆಣ್ಗರೂನೇ ಹಾಕ್ತದೆ, ನೋಡ್ತಿರು" ಎಂದರು. ಗಬ್ಬವಾಗಿರುವುದು ಎಲ್ಸಾಗೂ ಗೊತ್ತಿತ್ತು. ಹಲಗೆಯ ಕೆಳಗೆ ಮಕ್ಕಳು ಕರುವಿಗೆ ಹೆಸರು ಬರೆದು ಹಾಕಲೆಂದು ಒಂದು ಪೆಟ್ಟಿಗೆಯನ್ನೂ ಇಟ್ಟಿದ್ದರು.

ಅವತ್ತು ರಾತ್ರಿ ಅತ್ತೆ ಎರಡು ಮುದ್ದೆ ಉಂಡರು.

ಕಾಯಿ ತರುವ ಹಬ್ಬ

ಮಾರನೆಯ ದಿನದಿಂದ ಅತ್ತೆ ನಮ್ಮ ಕೈಗೆ ಸಿಗಲಿಲ್ಲ. ಬೆಳಿಗ್ಗೆ ಎಲ್ಸಾ ಜೊತೆ ಹೋದರೆ ಮಧ್ಯಾಹ್ನಕ್ಕೆ ಬರುವುದು. ಎಲ್ಸಾ ಅವರಿಗೆ ಮೊಣಕಾಲುದ್ದದ ರಬ್ಬರ್ ಬೂಟು ಕೊಟ್ಟಿದ್ದರು. ಸೀರೆಯನ್ನು ಎತ್ತಿ ಕಟ್ಟಿ, ಮೇಲೆ ಮಗನ ಸ್ವೆಟರ್ ಏರಿಸಿ, ಬೂಟು ಮೆಟ್ಟಿ ಕಸಬರಿಗೆ ಹಿಡಿದು ನಡೆಯುವ ಅತ್ತೆಗೆ ರಸ್ತೆಯ ಜನ ತಾವಾಗಿಯೇ "ಗ್ರೂಸ್ ಗಾಟ್" ಎನ್ನತೊಡಗಿದರು. ದೇವರ ಹೆಸರಿನ ನಮಸ್ಕಾರ ಅದು. ಅತ್ತೆ ಅದಕ್ಕೆ ಉತ್ತರವಾಗಿ "ಊಟ ಆಯ್ತಾ?" ಎನ್ನುತ್ತಿದ್ದರು. ಎರಡೂ ಕಡೆಯವರಿಗೂ ತೃಪ್ತಿ.

ಎಲ್ಸಾಗೆ ಕನ್ನಡ ಬಾರದು, ಅತ್ತೆಗೆ ಜರ್ಮನ್ ಬಾರದು. ಆದರೂ ಇಬ್ಬರೂ ಬೆಳಗಿನಿಂದ ಮಾತಾಡುತ್ತಲೇ ಇರುತ್ತಿದ್ದರು, ತಂತಮ್ಮ ಭಾಷೆಯಲ್ಲಿ. ಒಮ್ಮೆ ನಾನು ಹೋದಾಗ ಎಲ್ಸಾ ತಮ್ಮ ಸೊಸೆಯ ಮೇಲೆ ದೂರು ಹೇಳುತ್ತಿದ್ದರು. ಅತ್ತೆ "ಹೂಂ, ಹೂಂ, ನಮ್ದೂ ಹಂಗೇ" ಎನ್ನುತ್ತಿದ್ದರು. ನಾನು ಬಂದದ್ದು ಕಂಡು ಇಬ್ಬರೂ ಸುಮ್ಮನಾದರು.

ಎಲೆಗಳೆಲ್ಲ ಕೆಂಪಾಗಿ ಉದುರುವ ಆ ದಿನಗಳಲ್ಲಿ ಅಲ್ಲಿ ಒಂದು ಹಬ್ಬ. ಊರಿನ ಮಕ್ಕಳು ಮರಗಳ ಕೆಳಗೆ ಬಿದ್ದ ಕಾಯಿಗಳನ್ನು ಚೀಲ ಚೀಲ ಆರಿಸಿ ತಂದು ಚಳಿಗಾಲದಲ್ಲಿ ಜಿಂಕೆ, ಹಂದಿಗಳಿಗೆ ಮೇವಾಗಲೆಂದು ಮೃಗಾಲಯಕ್ಕೆ ಕೊಡುತ್ತಾರೆ. ಕಾಯಿ ತಂದ ಮಕ್ಕಳಿಗೆ ಅವತ್ತು ಟಿಕೇಟಿಲ್ಲ. ಕೆಂಗಂದು ಬಣ್ಣದ, ಎಣ್ಣೆ ಹಚ್ಚಿದ ಹಾಗೆ ಹೊಳೆಯುವ ಕಾಯಿಗಳು. ಕೈಗಾಡಿಯಲ್ಲಿ, ಅಜ್ಜನ ಟೋಪಿಯಲ್ಲಿ, ತೊಟ್ಟಿಲುಗಾಡಿಯಲ್ಲಿ ತಮ್ಮನ ಪಕ್ಕದಲ್ಲಿ ತುಂಬಿಕೊಂಡು ಬಂದು ಸುರಿಯುತ್ತಿದ್ದರು. ಸುಗ್ಗಿ ಕಣದ ರಾಶಿಯ ಹಾಗೆ ಕಾಯಿಯ ರಾಶಿ ಎದ್ದಿತು. ಅತ್ತೆ ಅದರ ಮುಂದೆ ಕುಳಿತು ಹುಳುಕು ಬೇರೆ, ಒಳ್ಳೆಯದು ಬೇರೆ ಮಾಡಿದರು. ಮಕ್ಕಳು ಸುತ್ತ ಕುಳಿತು ಪ್ರಶ್ನೆ ಕೇಳಿದರು. ಯಜಮಾನರು ಭಾಷಾಂತರಕ್ಕೆ ಕುಳಿತರು.

"ನಿಮ್ಮ ಮನೆ ಹತ್ತಿರ ಆನೆ ಬರುತ್ತಂತೆ, ನಿಜವಾ?"

"ರಾಗಿ ತೆನೆ ಕಟ್ಟಿದ್ರೆ ಸಾಕು, ನೆಂಟ್ರಂಗೆ ಬತ್ತವೆ. ತಮಟೆ ಬಡಿದು ಕಳಿಸ್ತೀವಿ."

"ನೀವು ಎಷ್ಟು ಅದೃಷ್ಟವಂತರು!" ಎಂದಳು ಹಲ್ಲು ಬಿದ್ದ ಹುಡುಗಿಯೊಬ್ಬಳು.

ಅತ್ತೆ ಮಗನನ್ನು ನೋಡಿದರು. "ಬೇಕಾದ್ರೆ ಒಂದೆಲ್ಡು ಇಟ್ಕಳ್ಳಿ ಅನ್ಲಾ, ನಾನೇ ಕಳಿಸ್ಕೊಡ್ತೀನಿ."

ಸಂಜೆ ಮನೆಗೆ ಬಂದಾಗ ಅತ್ತೆಯ ಮಡಿಲು ತುಂಬ ಅದೇ ಕಾಯಿ. ಕಳ್ಳೇಕಾಯಿಯ ಹಾಗೆ ಉಪ್ಪು ಹಾಕಿ ಬೇಯಿಸಿದರು. ಒಂದನ್ನು ಬಾಯಿಗಿಟ್ಟುಕೊಂಡ ಯಜಮಾನರು ಊರುಗೋಲಿಲ್ಲದೆಯೇ ಬಚ್ಚಲಿಗೆ ಓಡಿದರು. ಬೇವಿನ ಕಷಾಯ ಅದರ ಮುಂದೆ ಪಾಯಸ! ವಾಸನೆ ಹಿಡಿದು ಮೇಲೆ ಬಂದ ಎಲ್ಸಾ ಪಾತ್ರೆ ನೋಡಿ ಎರಡೂ ಕೈ ತಲೆಯ ಮೇಲಿಟ್ಟುಕೊಂಡರು. ಮನುಷ್ಯರು ತಿನ್ನುವ ಕಾಯಿಯೇ ಬೇರೆಯಂತೆ, ಇದು ಜಿಂಕೆಗಳಿಗೆ ಮಾತ್ರ. ಮಾರನೆಯ ದಿನ ತಿನ್ನುವ ಜಾತಿಯದನ್ನು ಹುರಿದು ತಂದುಕೊಟ್ಟರು. ಗೆಣಸಿನ ರುಚಿ. ಅತ್ತೆ ಒಂದನ್ನೂ ಬಿಡಲಿಲ್ಲ.

ರೋಜಾ ಈದ ಬೆಳಿಗ್ಗೆ

ನವೆಂಬರು ಬಂತು. ಬೇಲಿಯ ಮೇಲೆ ಹಿಮದ ಪುಡಿ ಕೂರತೊಡಗಿತು. ಊರಿನಲ್ಲೆಲ್ಲ ಲಾಂದ್ರದ ಹಬ್ಬದ ಮಾತು. ಮಕ್ಕಳು ಕಾಗದದ ಲಾಂದ್ರ ಹಿಡಿದು ಮೆರವಣಿಗೆಯಲ್ಲಿ ಮೃಗಾಲಯಕ್ಕೆ ಬರುತ್ತಾರೆ, ಅಷ್ಟರೊಳಗೆ ರೋಜಾಳ ಕರು ಹುಟ್ಟಿದರೆ ಅಂದೇ ತೋರಿಸಿ ಹೆಸರಿಡುವುದು ಎಂದು ಸಂಘದವರು ಬೇಕರಿಯ ಬಾಗಿಲಿಗೂ ಚೀಟಿ ಅಂಟಿಸಿದ್ದರು.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಎಲ್ಸಾ ಬಾಗಿಲು ಬಡಿದರು. ಕರು ಹುಟ್ಟಿತ್ತು. ಆದರೆ ಎಲ್ಸಾ ಮುಖದಲ್ಲಿ ನಗುವಿರಲಿಲ್ಲ. ಅತ್ತೆ ಬೂಟನ್ನು ಎಡಬಲ ಅದಲುಬದಲು ಮೆಟ್ಟಿಕೊಂಡೇ ಓಡಿದರು. ಹಿಂದೆಯೇ ನಾನು.

ಕೊಟ್ಟಿಗೆಯಲ್ಲಿ ಹುಲ್ಲಿನ ಮೇಲೆ ಕರು ಒದ್ದೆಯಾಗಿ ನಡುಗುತ್ತ ಬಿದ್ದಿತ್ತು. ರೋಜಾ ದೂರದ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತು ಬುಸುಗುಡುತ್ತಿತ್ತು. ಚೊಚ್ಚಲು. ಹೊಟ್ಟೆಯೊಳಗಿನಿಂದ ಬಂದದ್ದು ಏನೆಂದೇ ಅದಕ್ಕೆ ತಿಳಿದಿರಲಿಲ್ಲ. ಪಶುವೈದ್ಯ ಹೋಲ್ಗರ್ ಮೊಣಕಾಲೂರಿ ಗೋಣಿಯಿಂದ ಕರುವಿನ ಮೈ ಒರೆಸುತ್ತಿದ್ದರು. ಬಾಗಿಲಿಗಿಂತ ಎತ್ತರದ ಮನುಷ್ಯ, ಮಾತು ಮಾತ್ರ ಮೆತ್ತಗೆ.

"ಬಾಟಲಿಯಲ್ಲಿ ಹಾಲು ಕುಡಿಸಿ ಉಳಿಸಬಹುದು" ಎಂದು ಅವರು ನನಗೆ ಇಂಗ್ಲಿಷಿನಲ್ಲಿ ಹೇಳಿದರು. "ಆದರೆ ಈಗಲೇ ತಾಯಿ ನೆಕ್ಕದಿದ್ದರೆ ಮುಂದೆ ಹತ್ತಿರ ಸೇರಿಸುವುದು ಕಷ್ಟ. ಕರು ಒಂಟಿಯಾಗಿಬಿಡುತ್ತದೆ."

ನಾನು ಅದನ್ನು ಕನ್ನಡಕ್ಕೆ ತಿರುಗಿಸುವ ಮೊದಲೇ ಅತ್ತೆ ನನ್ನ ತೋಳು ಹಿಡಿದರು. "ಉಪ್ಪು ಕೇಳೇ. ಕಲ್ಲುಪ್ಪಾಗ್ಲಿ, ಪುಡಿಯಾಗ್ಲಿ."

"ಉಪ್ಪು ಇದೆಯಾ ಎಂದು ಕೇಳುತ್ತಿದ್ದಾರೆ" ಎಂದೆ.

ಡಾಕ್ಟರು ತಲೆಯೆತ್ತಿ ಅತ್ತೆಯನ್ನು ನೋಡಿದರು. ಆಮೇಲೆ ತಮ್ಮ ಚೀಲಕ್ಕೆ ಕೈಹಾಕಿ ಉಪ್ಪಿನ ಪೊಟ್ಟಣವನ್ನೇ ತೆಗೆದರು. ಅದನ್ನು ಆಗಲೇ ತಂದಿಟ್ಟುಕೊಂಡಿದ್ದರು! ಬೆಟ್ಟದ ಊರಿನಲ್ಲಿ ದನ ಸಾಕುತ್ತಿದ್ದ ತಮ್ಮ ಅಜ್ಜಿ ಹೀಗೆಯೇ ಮಾಡುತ್ತಿದ್ದರು ಎಂದರು. ಆ ಆತಂಕದ ನಡುವೆಯೂ ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕುಬಿಟ್ಟರು.

ತೊಂದರೆ ಏನೆಂದರೆ, ಸೂಜಿ ಚುಚ್ಚಿದ ಡಾಕ್ಟರನ್ನು ಕಂಡರೆ ರೋಜಾಗೆ ಆಗದು. ಅವರು ಕರುವಿನ ಹತ್ತಿರ ಇರುವಷ್ಟು ಹೊತ್ತು ಅದು ಈ ಕಡೆ ತಿರುಗುವುದೇ ಇಲ್ಲ. ಡಾಕ್ಟರು ಪೊಟ್ಟಣ ಕೆಳಗಿಟ್ಟು ಹೊರಗೆ ಹೋದರು. ಎಲ್ಸಾ ಬಾಗಿಲು ಹಿಡಿದು ನಿಂತರು. ಅತ್ತೆ ಮೆಲ್ಲಗೆ ರೋಜಾಳ ಹತ್ತಿರ ಹೋಗಿ, ಹಗ್ಗ ಹಿಡಿದು, ಕಿವಿಯ ಹಿಂದೆ ಕೆರೆಯತೊಡಗಿದರು. ಹಿಡಿದ ಹಗ್ಗ ಬಿಡುವಂತಿಲ್ಲ.

"ಸರೋಜಾ, ನೀನೇ ಹಚ್ಬೇಕು."

"ಅತ್ತೆ, ನನ್ನ ಕೈಲಾಗಲ್ಲ."

"ಆಯ್ತದೆ ಬಾರೇ. ಒರಳುಕಲ್ಲು ಇಲ್ಲಿಲ್ಲ, ಹತ್ತಾಕೆ ಜಾಗಾನೂ ಇಲ್ಲ."

ಎಲ್ಸಾ ನನ್ನನ್ನು ಮುಂದಕ್ಕೆ ದೂಡಿದರೋ, ನಾನೇ ಹೋದೆನೋ ನೆನಪಿಲ್ಲ. ಕರುವಿನ ಪಕ್ಕ ಕುಳಿತೆ. ಬೊಗಸೆಯಲ್ಲಿ ಉಪ್ಪು ತೆಗೆದುಕೊಂಡು ಅದರ ಬೆನ್ನಿಗೆ ಹಚ್ಚಿದೆ. ಮೈ ಬಿಸಿಯಾಗಿತ್ತು. ಪಕ್ಕೆಯ ಮೇಲೆ ಕೈಯಿಟ್ಟರೆ ಎದೆ ಬಡಿಯುವುದು ಅಂಗೈಗೇ ತಿಳಿಯುತ್ತಿತ್ತು. ನನ್ನದೂ ಅಷ್ಟೇ ಜೋರಾಗಿ ಬಡಿಯುತ್ತಿತ್ತು. ಕತ್ತು, ಕಿವಿ, ಕಾಲು ಎಲ್ಲಕ್ಕೂ ಹಚ್ಚಿದೆ. ಅತ್ತೆ ಎಮ್ಮೆಯ ಕಿವಿಯಲ್ಲಿ ಹೇಳುತ್ತಿದ್ದದ್ದು ಕೇಳಿಸುತ್ತಿತ್ತು.

"ಹೆದ್ರಬ್ಯಾಡ ಕಣವ್ವ. ನಿಂದೇ ಅದು. ನಂಗೂ ಮೊದಲ್ನೇದು ಹುಟ್ಟಿದಾಗ ಹಿಂಗೇ ಆಗಿತ್ತು, ಯಾರ್ದೋ ಅನ್ನಿಸಿತ್ತು. ತಿರುಗು, ತಿರುಗಿ ನೋಡು."

ರೋಜಾ ತಿರುಗಿತು. ಒಂದೊಂದೇ ಹೆಜ್ಜೆ ಇಟ್ಟು ಬಂತು. ಆ ದೊಡ್ಡ ತಲೆ ನನ್ನ ಭುಜದ ಹತ್ತಿರ ಇಳಿಯಿತು. ಬಿಸಿ ಉಸಿರು ಕತ್ತಿಗೆ ತಾಗಿತು. ಓಡಬೇಕೆಂದು ಕಾಲು ಹೇಳಿತು, ನಾನು ಕೇಳಲಿಲ್ಲ. ಮೊದಲು ಅದು ನೆಕ್ಕಿದ್ದು ಕರುವನ್ನಲ್ಲ, ನನ್ನ ಕೈಯನ್ನು. ಉಪ್ಪುಕಾಗದದಲ್ಲಿ ಉಜ್ಜಿದ ಹಾಗಾಯಿತು. ನಾನು ಕೈಯನ್ನು ಮೆಲ್ಲಗೆ ಕರುವಿನ ಬೆನ್ನ ಮೇಲೆ ಸರಿಸಿದೆ. ನಾಲಿಗೆ ಹಿಂದೆಯೇ ಬಂತು. ಒಮ್ಮೆ. ಇನ್ನೊಮ್ಮೆ. ಆಮೇಲೆ ರೋಜಾ ಗಂಟಲೊಳಗೇ ಒಂದು ಸದ್ದು ಮಾಡಿತು. ಕರು ಅದಕ್ಕೆ ತಲೆಯೆತ್ತಿತು.

ಅದು ಎದ್ದು, ಬಿದ್ದು, ಮತ್ತೆ ಎದ್ದು, ಮುಂಗಾಲುಗಳ ನಡುವೆ ಹುಡುಕಿ, ಕೊನೆಗೆ ಕೆಚ್ಚಲು ಕಂಡುಕೊಂಡು ಬಾಲ ಆಡಿಸಿದಾಗ ಎಲ್ಸಾ ಅಳುತ್ತಿದ್ದರು. ಕಿಟಕಿಯ ಆಚೆ ಡಾಕ್ಟರು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಅತ್ತೆ ಹಗ್ಗ ಬಿಟ್ಟು ಬಂದು ಕರುವಿನ ಹಿಂಭಾಗ ನೋಡಿ ಹಣೆ ಚಚ್ಚಿಕೊಂಡರು. "ಥೂ, ಕೋಣಗರ! ನಾನ್ ಹೇಳಿದ್ದು ಸುಳ್ಳಾಗೋಯ್ತು."

ಗಂಡು ಎಂದು ತಿಳಿದು ಎಲ್ಸಾ ಇನ್ನೂ ಕುಣಿದರು. ಅತ್ತೆ ಅದನ್ನೇ ನೋಡುತ್ತ ನಿಂತಿದ್ದರು. "ನಮ್ಮಲ್ಲಿ ಮನೇಲಿ ಹೆಣ್ ಹುಟ್ಟಿದ್ರೆ ಮುಖ ಸಿಂಡರಿಸ್ತಾರೆ, ಕೊಟ್ಗೇಲಿ ಗಂಡ್ ಹುಟ್ಟಿದ್ರೆ ಸಿಂಡರಿಸ್ತಾರೆ. ಇವ್ರಿಗೆ ಏನ್ ಹುಟ್ಟಿದ್ರೂ ಕುಣಿಯಾಕೆ ಬತ್ತದೆ ನೋಡು" ಎಂದರು. ಆಮೇಲೆ ನನ್ನ ಕಡೆ ತಿರುಗಿ, ಉಪ್ಪು ಮೆತ್ತಿದ ನನ್ನ ಕೈಗಳನ್ನು ತಮ್ಮ ಸೆರಗಿನಿಂದ ಒರೆಸಿದರು.

ಲಾಂದ್ರದ ಸಂಜೆ

ಮಾರನೆಯ ದಿನ ಅತ್ತೆ ಒಂದು ಬೇಡಿಕೆಯಿಟ್ಟರು. ಕರು ಹೊಟ್ಟೆ ತುಂಬ ಕುಡಿದು ಉಳಿದದ್ದರಲ್ಲಿ ಒಂದು ಪಾತ್ರೆ ಹಾಲು. ಡಾಕ್ಟರು ಕರುವಿನ ಹೊಟ್ಟೆ ಮುಟ್ಟಿ ನೋಡಿ ಆಗಲಿ ಎಂದರು. ಗಟ್ಟಿಯಾದ, ಹಳದಿ ಬಣ್ಣದ ಗಿಣ್ಣಿನ ಹಾಲು. ಅತ್ತೆ ಅದನ್ನು ಎಲ್ಸಾ ಅವರ ಅಡುಗೆಮನೆಯಲ್ಲಿ ಕಂದು ಸಕ್ಕರೆ, ಊರಿಂದ ತಂದ ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದರು. ಎಲ್ಲ ಸಂಘದವರಿಗೂ ಆಗಬೇಕೆಂದು ಚಿಕ್ಕ ಚಿಕ್ಕ ತುಂಡು ಕತ್ತರಿಸಿ ತಟ್ಟೆಯಲ್ಲಿ ಜೋಡಿಸಿಟ್ಟುಕೊಂಡು ಹಬ್ಬಕ್ಕೆ ಹೊರಟರು.

ಸಂಜೆ ಐದಕ್ಕೇ ಅಲ್ಲಿ ಕತ್ತಲು. ಗುಡ್ಡದ ಕೆಳಗಿನಿಂದ ಮಕ್ಕಳ ಸಾಲು ಹಾಡುತ್ತ ಬರುತ್ತಿತ್ತು. ಕೋಲಿನ ತುದಿಯಲ್ಲಿ ಕಾಗದದ ಸೂರ್ಯ, ಚಂದ್ರ, ಬಾತುಕೋಳಿ. ಈ ವರ್ಷ ಕೊಂಬಿರುವ ಎಮ್ಮೆಯ ಮುಖಗಳೂ ಇದ್ದವು. ಎಲ್ಲದರ ಹೊಟ್ಟೆಯಲ್ಲಿ ಒಂದೊಂದು ಬೆಳಕು. ನಮ್ಮ ಕಡೆ ಕಾರ್ತೀಕದಲ್ಲಿ ಹೊಸ್ತಿಲಿಗೆ, ತುಳಸಿಗೆ, ಬಾವಿಕಟ್ಟೆಗೆ ಹಣತೆ ಇಡುವ ಹೊತ್ತು ಅದೇ. "ಇವ್ರದೂ ಕಾರ್ತೀಕಾನೇ" ಎಂದು ಅತ್ತೆ ತೀರ್ಮಾನಿಸಿ, ಆ ಸಾಲಿಗೆ ದೂರದಿಂದಲೇ ಕೈಮುಗಿದರು.

ಕೊಟ್ಟಿಗೆಯ ಹತ್ತಿರ ಬಂದಾಗ ಡಾಕ್ಟರು ತುಟಿಯ ಮೇಲೆ ಬೆರಳಿಟ್ಟರು. ಎಮ್ಮೆ ಬೆದರಬಾರದು, ಯಾರೂ ಸದ್ದು ಮಾಡಬಾರದು. ಹಾಡು ನಿಂತಿತು. ಅಷ್ಟು ಮಕ್ಕಳು ಇದ್ದೂ 'ಪಿಟ್' ಎನ್ನುವ ಸದ್ದಿಲ್ಲ. ಲಾಂದ್ರಗಳನ್ನು ಬೇಲಿಗೆ ತೂಗುಹಾಕಿದರು. ಆ ಬೆಳಕಿನಲ್ಲಿ ರೋಜಾ ಮೆಲುಕು ಹಾಕುತ್ತ ಮಲಗಿತ್ತು. ಅದರ ಕತ್ತಿಗೆ ಒರಗಿ ಕರು ಕಣ್ಣು ಪಿಳಿಪಿಳಿ ಬಿಡುತ್ತಿತ್ತು.

ಎಲ್ಸಾ ಹೆಸರಿನ ಪೆಟ್ಟಿಗೆ ಹಿಡಿದು ಮೆಲುದನಿಯಲ್ಲಿ ಕೇಳಿದರು, "ಇದರ ಹೆಸರೇನು?" ಪೆಟ್ಟಿಗೆಯೊಳಕ್ಕೆ ಕೈಹಾಕಿ ಒಂದು ಚೀಟಿ ಎತ್ತುವುದು ಅವರ ಉದ್ದೇಶ. ಅದೇ ಹೊತ್ತಿಗೆ ಮುಂದೆ ನಿಂತಿದ್ದ ಹಲ್ಲು ಬಿದ್ದ ಹುಡುಗಿ ಅತ್ತೆಯ ಕೈಯ ತಟ್ಟೆಯ ಕಡೆ ಬೆರಳು ತೋರಿಸಿ ಏನಿದು ಎಂಬಂತೆ ಹುಬ್ಬೇರಿಸಿದಳು.

"ಗಿಣ್ಣು" ಎಂದರು ಅತ್ತೆ.

ಆ ಮೌನದಲ್ಲಿ ಅದು ಎಲ್ಲರಿಗೂ ಕೇಳಿಸಿತು. ಹಿಂದಿದ್ದವರಿಗೆ ತಟ್ಟೆ ಕಾಣಿಸುವಂತಿರಲಿಲ್ಲ. ಹೆಸರೇನು ಎಂದು ಕೇಳಿದರು, ಇಂಡಿಯಾದ ಅಜ್ಜಿ ಉತ್ತರ ಹೇಳಿದರು, ಅಷ್ಟೇ ಅವರಿಗೆ ಗೊತ್ತಾದದ್ದು. ಜೋರಾಗಿ ಹೇಳುವ ಹಾಗಿಲ್ಲವಲ್ಲ. ಒಬ್ಬ ಪಕ್ಕದವನ ಕಿವಿಯಲ್ಲಿ ಹೇಳಿದ, ಅವನು ಇನ್ನೊಬ್ಬಳ ಕಿವಿಯಲ್ಲಿ. "ಗಿಣ್ಣು... ಗಿಣ್ಣು... ಗಿಣ್ಣು..." ಎಂಬ ಪಿಸುಮಾತು ಲಾಂದ್ರಗಳ ಸಾಲಿನುದ್ದಕ್ಕೂ ಗುಡ್ಡದ ಕೆಳಗಿನವರೆಗೂ ಗಾಳಿಯ ಹಾಗೆ ಇಳಿದುಹೋಯಿತು. ಎಲ್ಸಾ ಪೆಟ್ಟಿಗೆಯ ಬಾಯಿ ಮುಚ್ಚಿದರು.

ಅತ್ತೆಗೆ ನಗು ತಡೆಯಲಾಗದೆ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದರು. "ಅಯ್ಯೋ ಸರೋಜಾ, ತಿನ್ನೋದ್ನ ತಂದು ಕೋಣಕ್ಕೆ ಹೆಸ್ರಿಕ್ಕವ್ರೆ ಕಣೇ!" ಎಂದು ಪಿಸುಗುಟ್ಟಿದರು. ನಾನು ಎಲ್ಸಾಗೆ ಅರ್ಥ ಹೇಳಿದೆ. ಬದಲಿಸಬಹುದಲ್ಲ ಎಂದೂ ಹೇಳಿದೆ. ಎಲ್ಸಾ ಒಂದು ತುಂಡು ಗಿಣ್ಣು ಬಾಯಿಗಿಟ್ಟುಕೊಂಡು, ಕಣ್ಣು ಮುಚ್ಚಿ, ನಿಧಾನವಾಗಿ ತಿಂದರು. "ಬೇಡ. ನಮ್ಮ ಕತ್ತೆಯ ಹೆಸರು ಪುಡಿಂಗ್" ಎಂದರು.

ಸಾನಮಾವು

ಪ್ಲಾಸ್ಟರ್ ಬಿಚ್ಚಿದ ಮೇಲೆ ಯಜಮಾನರು ಮತ್ತೆ ಕೆಲಸಕ್ಕೆ ಹೋದರು, ನಾವಿಬ್ಬರೂ ಊರಿಗೆ ಹೊರಟೆವು. ಎಲ್ಸಾ ರೈಲು ನಿಲ್ದಾಣದವರೆಗೆ ಬಂದಿದ್ದರು. ಅವರಿಬ್ಬರೂ ಅಪ್ಪಿಕೊಂಡು ಒಬ್ಬರು ಜರ್ಮನಿನಲ್ಲಿ, ಒಬ್ಬರು ಕನ್ನಡದಲ್ಲಿ ಅತ್ತರು. ರಬ್ಬರ್ ಬೂಟು ಅತ್ತೆಯ ಪೆಟ್ಟಿಗೆಯಲ್ಲಿ ಬಂತು.

ಹಳ್ಳಿಯಲ್ಲಿ ಅವತ್ತು ಸಂಜೆ ಜಗಲಿ ತುಂಬ ಹೆಂಗಸರು. ನಾನೂ ಅತ್ತೆಯ ಜೊತೆಗೇ ಹೋಗಿದ್ದೆ. ಎದುರು ಮನೆಯ ಚಿನ್ನಕ್ಕ ಎಲೆ ಅಡಿಕೆ ಮಡಚುತ್ತ ಕೇಳಿದಳು.

"ಅಷ್ಟ್ ದೂರ ಹೋಗಿದ್ಯಲ್ಲ ಪಾಪಕ್ಕ, ಏನ್ ನೋಡ್ಕಂಡ್ ಬಂದೆ?"

ಅತ್ತೆ ಯೋಚನೆಯನ್ನೇ ಮಾಡಲಿಲ್ಲ. "ಎಮ್ಮೆ."

ಜಗಲಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಅತ್ತೆಯೂ ನಕ್ಕರು. ನಗು ಇಳಿದ ಮೇಲೆ, "ನಗ್ರಿ ನಗ್ರಿ. ನಾವು ಹಾಲು ಎಷ್ಟು ಕೊಡ್ತದೆ ಅಂತ ನೋಡ್ತೀವಿ. ಅಲ್ಲಿ ಸಣ್ಣ್ ಸಣ್ಣ್ ಐಕ್ಳು ಎಮ್ಮೇನೇ ನೋಡ್ತವೆ ಕಣ್ರೇ, ಬರೀ ಎಮ್ಮೇನ" ಎಂದರು. ಅದು ಯಾರಿಗೆ ಎಷ್ಟು ತಿಳಿಯಿತೋ. ಮಾತು ರಾಗಿ ಕೊಯ್ಲಿನ ಕಡೆ ಹೊರಳಿತು.

ಬೆಳಿಗ್ಗೆ ಎದ್ದವಳು ಅತ್ತೆಯನ್ನು ಹುಡುಕಿಕೊಂಡು ಹಿತ್ತಲಿಗೆ ಹೋದೆ. ಹಾಲು ಕರೆಯುವ ಹೊತ್ತು ಮೀರಿತ್ತು. ಚೊಂಬು ಖಾಲಿಯಾಗಿಯೇ ಪಕ್ಕದಲ್ಲಿತ್ತು. ಅತ್ತೆ ಕೊಟ್ಟಿಗೆಯ ಬಾಗಿಲಿಗೆ ಒರಗಿ ಒಳಗೆ ನೋಡುತ್ತ ನಿಂತಿದ್ದರು. ಮೂರು ಎಮ್ಮೆಗಳೂ ಹುಲ್ಲು ಮೇಯುತ್ತಿದ್ದವು, ಮೈಯಿಂದ ಸಣ್ಣಗೆ ಹಬೆ ಏಳುತ್ತಿತ್ತು.

"ಏನತ್ತೆ, ಹಾಲು ಕರೆಯಲ್ವಾ?"

"ಸುಮ್ಕಿರೇ ವಸಿ. ನೋಡ್ತಾ ಇವ್ನಿ."

ನಾನು ಹೋಗಿ ಅವರ ಪಕ್ಕ ನಿಂತೆ. ಅವರು ನನಗೂ ಬಾಗಿಲಲ್ಲಿ ಅಷ್ಟು ಜಾಗ ಬಿಟ್ಟರು.